ಸತ್ತ ರೈಲು, ಕಸದ ಗುಡ್ಡ, ಸುಣ್ಣಕಲ್ಲಿನ ದಾರಿ: ಡುಪೇಜ್ ಕೌಂಟಿಯಲ್ಲಿ ಒಂದು ಉದ್ದನೆಯ ಶನಿವಾರ

ಶುಕ್ರವಾರ ಸಂಜೆ

ಶಿಕಾಗೋ ನಗರದ ಪಶ್ಚಿಮಕ್ಕೆ ಡುಪೇಜ್ ಕೌಂಟಿ ಇದೆ. ನಕ್ಷೆಯಲ್ಲಿ ದೂರದಿಂದ ನೋಡಿದರೆ ಬರೀ ಮನೆಗಳು, ಮಾಲ್‌ಗಳು, ಆಫೀಸುಗಳು, ಅಗಲ ಅಗಲ ರಸ್ತೆಗಳು. ಇಲ್ಲಿ ಇಡೀ ದಿನ ಜಲ್ಲಿದಾರಿಯಲ್ಲಿ ಸೈಕಲ್ ತುಳಿಯಬಹುದು ಅಂದರೆ ಯಾರೂ ನಂಬುವುದಿಲ್ಲ. ನಕ್ಷೆಯನ್ನು ಸ್ವಲ್ಪ ಹಿಗ್ಗಿಸಿ ನೋಡಿ. ಬಡಾವಣೆಗಳ ನಡುವೆ ಹಸಿರು ತುಂಡುಗಳು ಕಾಣುತ್ತವೆ. ಅವು ಫಾರೆಸ್ಟ್ ಪ್ರಿಸರ್ವ್‌ಗಳು. ಕೌಂಟಿಯ ಒಂದು ಸಂಸ್ಥೆ 1915ರಿಂದ ಈ ಜಾಗಗಳನ್ನು ಕೊಂಡು ಕಾಪಾಡಿಕೊಂಡು ಬಂದಿದೆ, ಈಗ ಎಲ್ಲ ಸೇರಿ 25 ಸಾವಿರ ಎಕರೆಗೂ ಜಾಸ್ತಿ. ದೊಡ್ಡವುಗಳಲ್ಲೆಲ್ಲ ಒಳಗೆ ಟ್ರೇಲ್, ಅಂದರೆ ನಡೆಯೋಕೆ, ಸೈಕಲ್ ತುಳಿಯೋಕೆ ಮಾಡಿದ ದಾರಿ ಇದೆ, ಆದರೆ ಹೆಚ್ಚಿನವು ಚಿಕ್ಕವು. ಮೂರು ಮೈಲಿ, ಐದು ಮೈಲಿ, ಒಂದು ಸುತ್ತು ಬಂದರೆ ಮುಗಿಯಿತು. ಮಕ್ಕಳನ್ನು ಕರೆದುಕೊಂಡು ಹೋಗೋಕೆ ಸಾಕು. ಬೆಳಗಿನಿಂದ ಸಂಜೆವರೆಗೆ ತುಳಿಯಬೇಕು ಅಂದರೆ ಮಾತ್ರ ಅವನ್ನೆಲ್ಲ ಒಂದಕ್ಕೊಂದು ಜೋಡಿಸಬೇಕು.

ಶುಕ್ರವಾರ ಸಂಜೆ ನಾನು, ಗೆಳೆಯ ಇಬ್ಬರೂ ಕೂತು ಮಾಡಿದ್ದು ಆ ಜೋಡಿಸುವ ಕೆಲಸ. ಪಾರ್ಕ್‌ಗಳನ್ನು ಆರಿಸುವುದು ಸುಲಭ. ತಲೆ ತಿನ್ನುವುದು ನಡುವಿನ ತುಂಡುಗಳು. ಈ ಪಾರ್ಕ್ ಮುಗಿದು ಆ ಪಾರ್ಕ್ ಶುರುವಾಗುವ ನಡುವೆ ಒಂದೂವರೆ ಮೈಲಿ ಇದೆ ಅನ್ನಿ. ಆ ಒಂದೂವರೆ ಮೈಲಿಯಲ್ಲಿ ಹೆದ್ದಾರಿ ಬಂದರೆ ದಾಟುವುದು ಎಲ್ಲಿ? ಪಕ್ಕದಲ್ಲಿ ಜಾಗ ಇದೆಯಾ? ಬಡಾವಣೆಯ ಒಳರಸ್ತೆ ಆ ಕಡೆ ತೂರಿಕೊಳ್ಳುತ್ತದೋ, ಇಲ್ಲ ಯಾರದೋ ಗ್ಯಾರೇಜ್ ಮುಂದೆ ಹೋಗಿ ನಿಂತುಬಿಡುತ್ತದೋ? ಅಮೆರಿಕದ ಉಪನಗರಗಳಲ್ಲಿ ಇದು ದೊಡ್ಡ ತೊಂದರೆ. ಹೊರಗಿನ ಗಾಡಿಗಳು ಒಳಗೆ ನುಗ್ಗಬಾರದು ಅಂತಲೇ ಬಡಾವಣೆಗಳಿಗೆ ಒಂದೋ ಎರಡೋ ಬಾಗಿಲು ಮಾತ್ರ ಇಟ್ಟಿರುತ್ತಾರೆ, ಒಳರಸ್ತೆಗಳೆಲ್ಲ ಸುತ್ತಿ ಸುತ್ತಿ ಕೊನೆಗೆ ಬಂದ ಜಾಗಕ್ಕೇ ಬರುತ್ತವೆ. ಕಾರಿನವರಿಗೆ ಇದು ಗೊತ್ತೇ ಆಗುವುದಿಲ್ಲ. ಸೈಕಲ್ಲಿನವನಿಗೆ ಅರ್ಧ ಮೈಲಿಯ ದೂರ ಎರಡು ಮೈಲಿ ಆಗುತ್ತದೆ.

ಕೊನೆಗೆ ಒಂದು ದೊಡ್ಡ ಸುತ್ತು ಸಿಕ್ಕಿತು. ವೀಟನ್ ಊರಿನಿಂದ ಹೊರಟು ಪಶ್ಚಿಮಕ್ಕೆ ಬ್ಲ್ಯಾಕ್‌ವೆಲ್, ಅಲ್ಲಿಂದ ಉತ್ತರಕ್ಕೆ ಟಿಂಬರ್ ರಿಡ್ಜ್, ಅಲ್ಲಿಂದ ಪೂರ್ವಕ್ಕೆ ವಿಲ್ಲಾ ಪಾರ್ಕ್, ಆಮೇಲೆ ಸಾಲ್ಟ್ ಕ್ರೀಕ್ ಹಳ್ಳದ ದಡ ಹಿಡಿದು ಕೆಳಗೆ ಫುಲ್ಲರ್ಸ್‌ಬರ್ಗ್ ವುಡ್ಸ್, ಇನ್ನೂ ದಕ್ಷಿಣಕ್ಕೆ ವಾಟರ್‌ಫಾಲ್ ಗ್ಲೆನ್, ಮತ್ತೆ ಪಶ್ಚಿಮಕ್ಕೆ ಗ್ರೀನ್ ವ್ಯಾಲಿ, ಡನಾಡಾ, ಹೆರಿಕ್ ಲೇಕ್ ಮುಗಿಸಿ ವಾಪಸ್ ವೀಟನ್. 70 ಮೈಲಿಗೆ ಸ್ವಲ್ಪ ಜಾಸ್ತಿ, ಅಂದರೆ ಹತ್ತಿರ ಹತ್ತಿರ 115 ಕಿಲೋಮೀಟರ್. ಡಾಂಬರು ರಸ್ತೆಯಲ್ಲಾದರೆ ಇದೇನು ದೊಡ್ಡ ದೂರ ಅಲ್ಲ. ಜಲ್ಲಿಯಲ್ಲಿ, ಪ್ರತಿ ಮೈಲಿಗೊಮ್ಮೆ ರಸ್ತೆ ದಾಟುತ್ತಾ, ಇಡೀ ದಿನದ ಕೆಲಸ.

ನಾವು ತುಳಿಯುವುದು ಗ್ರ್ಯಾವೆಲ್ ಬೈಕ್, ಗೊತ್ತಿಲ್ಲದವರಿಗೆ ಒಂದು ಮಾತು. ನೋಡೋಕೆ ರೇಸ್ ಸೈಕಲ್ ಥರವೇ, ಬಾಗಿದ ಹ್ಯಾಂಡಲ್. ಟೈರ್ ಮಾತ್ರ ದಪ್ಪ. ನಮ್ಮವು 40 ಮಿಲಿಮೀಟರ್, ಒಳಗೆ ಟ್ಯೂಬ್ ಇಲ್ಲ, ಬದಲಿಗೆ ತೂತು ಬಿದ್ದರೆ ಮುಚ್ಚುವ ಹಾಲಿನಂಥ ಸೀಲೆಂಟ್ ದ್ರವ. ಗಾಳಿ ಕಮ್ಮಿ ಇಡಬೇಕು, ಅಲ್ಲಿದೆ ಗುಟ್ಟು. ರೇಸ್ ಸೈಕಲ್ಲಿಗೆ 80, 90 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕುವ ಕಡೆ ನಾವು 35ಕ್ಕೆ ನಿಲ್ಲಿಸಿದೆವು. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗಬೇಕು. ಹಾಗಿದ್ದರೆ ಸಣ್ಣ ಕಲ್ಲಿನ ಮೇಲೆ ಟೈರ್ ಎಗರುವುದಿಲ್ಲ, ಅದನ್ನು ನುಂಗಿಕೊಂಡು ಹೋಗುತ್ತದೆ.

ಶನಿವಾರ

ಸೆಪ್ಟೆಂಬರ್ ಕೊನೆಯ ವಾರ. ಸೂರ್ಯ ಹುಟ್ಟುವುದು ಏಳು ಗಂಟೆಗೆ ಸ್ವಲ್ಪ ಮುಂಚೆ. ಫಾರೆಸ್ಟ್ ಪ್ರಿಸರ್ವ್‌ಗಳು ಸೂರ್ಯ ಹುಟ್ಟಿ ಒಂದು ಗಂಟೆ ಆದ ಮೇಲೆ ತೆರೆಯುತ್ತವೆ, ಮುಳುಗಿ ಒಂದು ಗಂಟೆಗೆ ಮುಚ್ಚುತ್ತವೆ. ಅದಕ್ಕೇ ಮೊದಲ ತುಂಡಿಗೆ ಪ್ರಿಸರ್ವ್‌ಗೆ ಸೇರದ ಇಲಿನಾಯ್ ಪ್ರೇರಿ ಪಾತ್ ಅನ್ನುವ ಟ್ರೇಲ್ ಇಟ್ಟುಕೊಂಡಿದ್ದೆವು. ಬ್ಲ್ಯಾಕ್‌ವೆಲ್ ತಲುಪುವ ಹೊತ್ತಿಗೆ ಅದು ತೆರೆದಿರುತ್ತದೆ.

ವೀಟನ್ ಪೇಟೆಯ ನಡುವಿನಿಂದಲೇ ಈ ದಾರಿ ಶುರು. ಇಲ್ಲಿ ಅದು ಎರಡಾಗಿ ಒಡೆಯುತ್ತದೆ, ಒಂದು ಕವಲು ಎಲ್ಜಿನ್ ಕಡೆಗೆ, ಒಂದು ಅರೋರಾ ಕಡೆಗೆ. ನಾವು ಹಿಡಿದದ್ದು ಅರೋರಾ ಕವಲು. ಎರಡು ತಿರುವು ಮುಗಿಯುವಷ್ಟರಲ್ಲಿ ಮನೆಗಳ ಹಿತ್ತಿಲು ಹಿಂದೆ ಸರಿದವು. ದಾರಿ ಅಕ್ಕಪಕ್ಕದ ನೆಲಕ್ಕಿಂತ ಎತ್ತರ, ನೇರ, ಏರಿಳಿತ ಇಲ್ಲವೇ ಇಲ್ಲ ಅನ್ನಬೇಕು. ಹೀಗೆ ನೇರವಾಗಿ, ಸಮವಾಗಿ, ಎತ್ತರದಲ್ಲಿ ಹೋಗುವ ದಾರಿ ಕಂಡರೆ ಕೇಳಲೇಬೇಕಾಗಿಲ್ಲ, ಅದು ಹಿಂದೆ ರೈಲು ಹಳಿ.

ಶಿಕಾಗೋ ಅರೋರಾ ಅಂಡ್ ಎಲ್ಜಿನ್ ಅನ್ನುವ ವಿದ್ಯುತ್ ರೈಲು 1902ರಿಂದ ಇಲ್ಲಿ ಓಡುತ್ತಿತ್ತು. ಪಕ್ಕದ ಮೂರನೇ ಹಳಿಯಿಂದ ಕರೆಂಟು. ಉಪನಗರದಿಂದ ಸೀದಾ ಶಿಕಾಗೋ ಪೇಟೆಗೆ. 1950ರ ದಶಕದಲ್ಲಿ ಕಾಂಗ್ರೆಸ್ ಎಕ್ಸ್‌ಪ್ರೆಸ್‌ವೇ ಅನ್ನುವ ಹೆದ್ದಾರಿ ಕಟ್ಟಲು ಶುರುಮಾಡಿದಾಗ ರೈಲಿನ ದಾರಿಗೇ ಅಡ್ಡ ಬಂತು. 1953ರಿಂದ ರೈಲು ಪೇಟೆಯವರೆಗೆ ಹೋಗಲಿಲ್ಲ, ಫಾರೆಸ್ಟ್ ಪಾರ್ಕ್‌ನಲ್ಲಿ ಇಳಿದು ಬೇರೆ ರೈಲು ಹತ್ತಬೇಕಾಯಿತು. ಜನ ಕಮ್ಮಿಯಾದರು. 1957ರ ಜುಲೈ 3ರಂದು ಮಧ್ಯಾಹ್ನ ದಿಢೀರ್ ಅಂತ ಪ್ರಯಾಣಿಕರ ಓಡಾಟ ನಿಲ್ಲಿಸಿಬಿಟ್ಟರು. ಬೆಳಗ್ಗೆ ಆ ರೈಲಿನಲ್ಲೇ ಕೆಲಸಕ್ಕೆ ಹೋದವರಿಗೆ ಸಂಜೆ ವಾಪಸ್ ಬರಲು ರೈಲೇ ಇಲ್ಲ! ಯೋಚನೆ ಮಾಡಿ. ಇನ್ನೆರಡು ವರ್ಷಕ್ಕೆ ಸರಕು ರೈಲೂ ನಿಂತಿತು.

ಹಳಿ ಕಿತ್ತ ಜಾಗ ಖಾಲಿ ಬಿದ್ದಿತ್ತು. ಮಾರ್ಟನ್ ಆರ್ಬೊರೇಟಂ ಅನ್ನುವ ಮರಗಳ ತೋಟದಲ್ಲಿ ಕೆಲಸ ಮಾಡಿದ್ದ ಸಸ್ಯತಜ್ಞೆ ಮೇ ವಾಟ್ಸ್ 1963ರ ಸೆಪ್ಟೆಂಬರ್‌ನಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಒಂದು ಪತ್ರ ಬರೆದರು. ಇದನ್ನು ನಡೆಯುವವರ ದಾರಿ ಮಾಡಿ, ತಡ ಮಾಡಿದರೆ ಬುಲ್ಡೋಜರ್‌ನವರ ಪಾಲಾಗುತ್ತದೆ ಅನ್ನುವುದು ಅದರ ಸಾರ. ಬ್ರಿಟನ್ನಿನ ಕಾಲುದಾರಿಗಳನ್ನು ನೋಡಿ ಬಂದಿದ್ದರು ಅವರು. ಆ ಪತ್ರದಿಂದ ಶುರುವಾದದ್ದೇ ಈ 60 ಮೈಲಿ ದಾಟುವ ದಾರಿ. ರೈಲು ಹಳಿಯನ್ನು ಟ್ರೇಲ್ ಮಾಡುವುದು ಇವತ್ತು ಅಮೆರಿಕದ ತುಂಬ ಇದೆ. ಆ ಸಾಲಿನ ಮೊದಮೊದಲಿನವುಗಳಲ್ಲಿ ಇದೂ ಒಂದು. ಪತ್ರಿಕೆಗೆ ಪತ್ರ ಬರೆದು ಏನು ಉಪಯೋಗ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಚಕ್ರದ ಕೆಳಗಿನ ನೆಲದ ಬಗ್ಗೆಯೂ ಹೇಳಬೇಕು, ದಿನವಿಡೀ ನೋಡುತ್ತಾ ಕೂತದ್ದು ಅದನ್ನೇ. ಇಲ್ಲಿನ ಟ್ರೇಲ್‌ಗಳಿಗೆ ಹಾಕುವುದು ಪುಡಿ ಮಾಡಿದ ಸುಣ್ಣಕಲ್ಲು. ಕಾಳು ಗಾತ್ರದ ಚೂರು, ಜೊತೆಗೆ ಹಿಟ್ಟಿನಂಥ ಪುಡಿ. ಆ ಪುಡಿ ಇರುವುದರಿಂದಲೇ ನೀರು ಬಿದ್ದು ರೋಲರ್ ಓಡಿದ ಮೇಲೆ ಎಲ್ಲ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಒಣಗಿದಾಗ ಟೈರ್ ಸಣ್ಣಗೆ ಸರಸರ ಅನ್ನುತ್ತದೆ, ಓಟ ಡಾಂಬರಿಗಿಂತ ಸ್ವಲ್ಪವೇ ಕಮ್ಮಿ. ಗುರುವಾರ ರಾತ್ರಿ ಮಳೆ ಬಂದಿತ್ತು. ಬಿಸಿಲು ಬೀಳುವ ಕಡೆಯೆಲ್ಲ ನೆಲ ಚೆನ್ನಾಗಿ ಬಿಗಿದಿತ್ತು, ಧೂಳಿಲ್ಲ. ಮರದ ನೆರಳಿರುವ ಕಡೆ ಬೇರೆ ಕಥೆ, ಅದು ಆಮೇಲೆ.

ಸೇಂಟ್ ಜೇಮ್ಸ್ ಫಾರ್ಮ್ ಪಕ್ಕದಲ್ಲಿ ಹಾದು ಬ್ಲ್ಯಾಕ್‌ವೆಲ್ ಸೇರಿದೆವು. ಸಿಲ್ವರ್ ಲೇಕ್ ಮೇಲೆ ಮಂಜು. ಆಚೆ ದಡದಲ್ಲಿ ಹುಲ್ಲು ಹೊದ್ದ ಒಂದು ಗುಡ್ಡ. ಇಡೀ ಕೌಂಟಿ ಚಪ್ಪಟೆ, ಇಲ್ಲಿ ಮಾತ್ರ ಹೀಗೆ ಒಂಟಿ ಗುಡ್ಡ ಎದ್ದಿದೆ.

"ಗುರು, ಇದೆಲ್ಲಿಂದ ಬಂತು?" ಅಂದ ಗೆಳೆಯ. ಅವನಿಗೆ ಈ ಕಡೆ ಹೊಸದು.

"ಕಸ," ಅಂದೆ.

"ಏನು ಕಸ?"

"ಗುಡ್ಡವೇ ಕಸ."

ಮೌಂಟ್ ಹಾಯ್ ಅಂತ ಅದರ ಹೆಸರು. 150 ಅಡಿ ಎತ್ತರ. 1965ರಿಂದ 1973ರವರೆಗೆ ಸುತ್ತಲ ಊರುಗಳ ಕಸ ತಂದು ಸುರಿದು, ಕಸದ ಒಂದು ಪದರ, ಜೇಡಿಮಣ್ಣಿನ ಒಂದು ಪದರ ಹೀಗೆ ಒತ್ತಿ ಒತ್ತಿ ಕಟ್ಟಿದ್ದು. ಮುಂದಿರುವ ಕೆರೆ? ಅದು ಹಳೆಯ ಜಲ್ಲಿ ಗಣಿಯ ಗುಂಡಿ. ತೋಡಿದ ಕಡೆ ಕೆರೆ, ಸುರಿದ ಕಡೆ ಗುಡ್ಡ. ಚಳಿಗಾಲದಲ್ಲಿ ಮಕ್ಕಳು ಈ ಗುಡ್ಡದ ಮೇಲಿಂದ ಹಿಮದಲ್ಲಿ ಟ್ಯೂಬ್ ಮೇಲೆ ಕೂತು ಜಾರುತ್ತಾರೆ. ನಾವು ಬುಡದಲ್ಲೇ ಸುತ್ತಿ ಉತ್ತರದ ಕಡೆ, ಮ್ಯಾಕ್‌ಕೀ ಮಾರ್ಷ್ ಅನ್ನುವ ಜೌಗಿಗೆ ಬಂದೆವು. 1977ರಲ್ಲಿ ಇಲ್ಲಿ ಅಗೆಯುವಾಗ ಮ್ಯಾಮತ್ ಮೂಳೆಗಳು ಸಿಕ್ಕಿದವು, ಸುಮಾರು 13 ಸಾವಿರ ವರ್ಷ ಹಿಂದಿನ ಉಣ್ಣೆಯಾನೆ. ಅದರ ಅಸ್ಥಿಪಂಜರವನ್ನು ಕೊಂಡುಹೋಗಿ ಪ್ರದರ್ಶನಕ್ಕೆ ಇಟ್ಟದ್ದು ಫುಲ್ಲರ್ಸ್‌ಬರ್ಗ್ ವುಡ್ಸ್‌ನಲ್ಲಿ. ಅಂದರೆ ನಾವು ಮಧ್ಯಾಹ್ನ ಹೋಗಿ ಸೇರಬೇಕಾದ ಜಾಗಕ್ಕೆ ಮ್ಯಾಮತ್ ನಮಗಿಂತ ಮುಂಚೆ ಹೋಗಿತ್ತು, ಅದೂ ತುಳಿಯದೆ.

ಬೆಳಗಿನ ಬಿಸಿಲಿಗೆ ಕಂಬಳಿಹುಳುಗಳು ಟ್ರೇಲ್ ದಾಟುತ್ತಿದ್ದವು. ಈ ಕಾಲದಲ್ಲಿ ಇಲ್ಲಿ ಅವು ಎಲ್ಲಾ ಕಡೆ. ಎರಡು ತುದಿ ಕಪ್ಪು, ನಡುವೆ ಇಟ್ಟಿಗೆ ಬಣ್ಣದ ಪಟ್ಟಿ, ಮೈತುಂಬ ಬಿರುಸು ಕೂದಲು. ಬಿಳಿ ಜಲ್ಲಿಯ ಮೇಲೆ ದೂರದಿಂದಲೇ ಕಾಣುತ್ತವೆ. ಒಂದು ಹುಳುವಿನ ಪಕ್ಕ ಸೈಕಲ್ ನಿಲ್ಲಿಸಿ ಬಗ್ಗಿ ನೋಡಿದೆ. ಮೈಯ ಹಿಂಭಾಗದಿಂದ ಮುಂದಕ್ಕೆ ಒಂದು ಅಲೆ ಬರುತ್ತದೆ, ಕೂದಲೆಲ್ಲ ಒಂದು ಸಲ ಮುಂದಕ್ಕೆ ವಾಲುತ್ತದೆ, ಹುಳು ಒಂದು ಕಲ್ಲಿನಷ್ಟು ಮುಂದೆ ಹೋಗಿರುತ್ತದೆ. ಬೆರಳು ಹತ್ತಿರ ತಂದೆ. ತಕ್ಷಣ ಸುರುಳಿ ಸುತ್ತಿಕೊಂಡಿತು. ಅಲ್ಲಿಂದ ಟಿಂಬರ್ ರಿಡ್ಜ್‌ವರೆಗೆ ಇಬ್ಬರೂ ಹುಳು ತಪ್ಪಿಸಿಕೊಂಡು ಹಾವಿನ ಹಾಗೆ ತುಳಿದೆವು.

ಉತ್ತರದ ದಾರಿ ಡುಪೇಜ್ ನದಿಯ ಪಶ್ಚಿಮ ಕವಲಿನ ಪಕ್ಕ ಹೋಗುತ್ತದೆ. ಸಣ್ಣ ನದಿ, ತಿಳಿನೀರು, ದಡದಲ್ಲಿ ಕಾಡುಹೂವು. ನೋಡಿದರೆ ಇದಕ್ಕೆ ಏನೂ ಆಗಿಲ್ಲ ಅನ್ನಿಸುತ್ತದೆ. ಪಕ್ಕದ ವೆಸ್ಟ್ ಶಿಕಾಗೋದಲ್ಲಿ 1930ರ ದಶಕದಿಂದ ಒಂದು ಕಾರ್ಖಾನೆ ಇತ್ತು. ಗ್ಯಾಸ್‌ಲೈಟಿಗೆ ಹಾಕುವ ಮ್ಯಾಂಟಲ್ ಇದೆಯಲ್ಲ, ಅದಕ್ಕೆ ಬೇಕಾದ ಥೋರಿಯಂ ಅಲ್ಲಿ ತಯಾರಾಗುತ್ತಿತ್ತು. ಥೋರಿಯಂ ವಿಕಿರಣ ಸೂಸುವ ವಸ್ತು. ಅಲ್ಲಿನ ಉಳಿಕೆ ಹಳ್ಳದ ಮೂಲಕ ಈ ನದಿಗೂ ಸೇರಿತ್ತು. ಆಮೇಲೆ ವರ್ಷಗಟ್ಟಲೆ ನದಿಯ ತಳದ, ದಡದ ಮಣ್ಣನ್ನೇ ಅಗೆದು ತೆಗೆದು, ರೈಲಿನಲ್ಲಿ ಯೂಟಾ ರಾಜ್ಯಕ್ಕೆ ಸಾಗಿಸಿ, ನದಿಯನ್ನು ಹೊಸದಾಗಿ ತಿದ್ದಿದರು. ಅಂದರೆ ನಾವು ನೋಡಿದ ದಡ ಪ್ರಕೃತಿಯದು ಅಷ್ಟೇ ಅಲ್ಲ, ಬುಲ್ಡೋಜರ್‌ನದ್ದೂ ಹೌದು. ಬೆಳಗಿನಿಂದ ಸಿಕ್ಕಿದ್ದೆಲ್ಲ ಹೀಗೇ. ನಿಂತುಹೋದ ರೈಲು, ಸುರಿದ ಕಸ, ತೋಡಿ ಬಿಟ್ಟ ಗಣಿ, ಕೆಟ್ಟು ರಿಪೇರಿಯಾದ ನದಿ. ಚೆನ್ನಾಗಿದ್ದ ಜಾಗವೆಲ್ಲ ಮನೆಗಳಿಗೆ ಹೋಯಿತು. ಯಾರಿಗೂ ಬೇಡವಾದದ್ದು ಪಾರ್ಕ್ ಆಯಿತು. ದೂರು ಅಂತ ಹೇಳುತ್ತಿಲ್ಲ, ನನಗೆ ಇದು ಇಷ್ಟವೇ.

ಟಿಂಬರ್ ರಿಡ್ಜ್‌ನಲ್ಲಿ ಬಲಕ್ಕೆ ತಿರುಗಿ ಗ್ರೇಟ್ ವೆಸ್ಟರ್ನ್ ಟ್ರೇಲ್ ಹಿಡಿದೆವು. ಇದೂ ಹಳೆಯ ರೈಲು, ಶಿಕಾಗೋ ಗ್ರೇಟ್ ವೆಸ್ಟರ್ನ್. ಆ ಕಂಪನಿ 1968ರಲ್ಲಿ ಇನ್ನೊಂದು ರೈಲು ಕಂಪನಿಯೊಳಗೆ ಸೇರಿಹೋಯಿತು. ಅಲ್ಲಿಂದ ಪೂರ್ವಕ್ಕೆ ವಿಲ್ಲಾ ಪಾರ್ಕ್‌ವರೆಗೆ ಹೆಚ್ಚು ಕಮ್ಮಿ ನೇರ ಗೆರೆ. ವೇಗ ಸಿಗುತ್ತದೆ, ಆದರೆ ಬೇಜಾರು ಬರುತ್ತದೆ. ಗೋದಾಮಿನ ಹಿಂಗೋಡೆ, ಹಿತ್ತಿಲ ಬೇಲಿ, ರಸ್ತೆ, ಬಟನ್ ಒತ್ತು, ಕಾಯಿ, ದಾಟು. ಮತ್ತೆ ಹಿತ್ತಿಲ ಬೇಲಿ. ಸಿಗ್ನಲ್ ಇಲ್ಲದ ಕಡೆ ಕಾರಿನವರು ನಿಲ್ಲಿಸಿ ಕೈ ಬೀಸುತ್ತಾರೆ. ಅದು ಇನ್ನೂ ಅಪಾಯ, ಯಾಕೆಂದರೆ ಈ ಲೇನಿನವನು ನಿಲ್ಲಿಸಿದ್ದು ಪಕ್ಕದ ಲೇನಿನವನಿಗೆ ಕಾಣುವುದಿಲ್ಲ. ಎರಡೂ ಲೇನು ನಿಲ್ಲುವವರೆಗೆ ನಾವು ಕಾಲು ಕೆಳಗಿಟ್ಟು ಸುಮ್ನೆ ನಿಲ್ಲುವುದು. ಕೈ ಬೀಸಿದವರಿಗೆ ಸ್ವಲ್ಪ ಸಿಟ್ಟು ಬರುತ್ತದೆ, ಬರಲಿ.

ಲೊಂಬಾರ್ಡ್ ಬರುವ ಮುಂಚೆ ನನ್ನ ಹಿಂದಿನ ಚಕ್ರ ಚಿಸ್ ಚಿಸ್ ಅನ್ನತೊಡಗಿತು. ಪ್ರತಿ ಸುತ್ತಿಗೂ ಒಂದು ಚಿಸ್. ನಿಲ್ಲಿಸಿ ನೋಡಿದರೆ ಒಂದು ಅಂಗುಲದ ಮರದ ಮುಳ್ಳು, ಕಪ್ಪಗೆ, ಮೊಳೆಯಷ್ಟು ಗಟ್ಟಿ. ಎಳೆದೆ. ಬಿಳಿ ಸೀಲೆಂಟ್ ಸಣ್ಣ ಕಾರಂಜಿಯಾಗಿ ನನ್ನ ಕಾಲಿಗೆ ಹಾರಿತು. ಚಕ್ರ ತಿರುಗಿಸಿ ತೂತು ಕೆಳಕ್ಕೆ ಬರುವ ಹಾಗೆ ಹಿಡಿದೆ, ದ್ರವ ಅಲ್ಲಿಗೇ ಹರಿದು ಸೇರಲಿ ಅಂತ. ನೊರೆ ಬಂತು, ಗುಳ್ಳೆ ಬಂತು, ಗುಳ್ಳೆ ಚಿಕ್ಕದಾಯಿತು, ನಿಂತಿತು. ಕೈಪಂಪಿನಲ್ಲಿ ಸ್ವಲ್ಪ ಗಾಳಿ ಹೊಡೆದು ಹೊರಟೆವು. ಟ್ಯೂಬ್ ಹಾಕುವ ಕಾಲದಲ್ಲಾದರೆ ಕಾಲು ಗಂಟೆಯ ಕೆಲಸ, ಬೆರಳೆಲ್ಲ ಮಸಿ. ಈ ಒಂದು ವಿಷಯಕ್ಕೆ ಟ್ಯೂಬ್‌ಲೆಸ್‌ಗೆ ಎಷ್ಟು ಹೊಗಳಿಕೆ ಕೊಟ್ಟರೂ ಕಮ್ಮಿ.

ಲೊಂಬಾರ್ಡ್‌ನಲ್ಲಿ ರಸ್ತೆಯನ್ನೂ ಈಗಿನ ರೈಲು ಹಳಿಯನ್ನೂ ಮೇಲಿಂದ ದಾಟಿಸುವ ಸೇತುವೆಗಳು ಇವೆ. ಅವು ಇಲ್ಲದ ಕಾಲದಲ್ಲಿ ಇಲ್ಲಿ ಟ್ರೇಲ್ ಬಿಟ್ಟು ರಸ್ತೆಗಿಳಿದು ಸುತ್ತಿ ಬರಬೇಕಿತ್ತು. ಒಂದು ಸೇತುವೆ ಬಂದ ಕೂಡಲೇ ಎರಡು ಅರ್ಧ ಟ್ರೇಲ್‌ಗಳು ಸೇರಿ ಒಂದು ಟ್ರೇಲ್ ಆಗುತ್ತದೆ. ಹೊಸ ಪಾರ್ಕ್ ಮಾಡುವುದಕ್ಕಿಂತ ಇಂಥ ಒಂದು ಸೇತುವೆ ಕಟ್ಟುವುದು ಮೇಲು ಅಂತ ನನ್ನ ಅಭಿಪ್ರಾಯ. ಉದ್ಘಾಟನೆಯ ಫೋಟೋದಲ್ಲಿ ಮಾತ್ರ ಸೇತುವೆ ಅಷ್ಟು ಚೆಂದ ಕಾಣುವುದಿಲ್ಲ, ಏನು ಮಾಡೋದು.

ವಿಲ್ಲಾ ಪಾರ್ಕ್‌ನಲ್ಲಿ ಗ್ರೇಟ್ ವೆಸ್ಟರ್ನ್ ಮುಗಿಯುತ್ತದೆ. ಕೆಲವು ಬೀದಿ ದಕ್ಷಿಣಕ್ಕೆ ಹೋದರೆ ಮತ್ತೆ ಪ್ರೇರಿ ಪಾತ್, ಅದರ ಪಕ್ಕದಲ್ಲಿ ಆ ಹಳೆಯ ವಿದ್ಯುತ್ ರೈಲಿನ ನಿಲ್ದಾಣ ಇನ್ನೂ ನಿಂತಿದೆ. ನೀರು ತುಂಬಿಸಿಕೊಂಡು, ಬಾಳೆಹಣ್ಣು ತಿಂದು, ಸಾಲ್ಟ್ ಕ್ರೀಕ್ ದಾರಿಗೆ ಇಳಿದೆವು.

ನೆರಳಿನ ಕಥೆ ಅಂದೆನಲ್ಲ, ಅದು ಇಲ್ಲಿ. ಹಳ್ಳದ ದಡದಲ್ಲಿ ಮರ ಕವಿದುಕೊಂಡಿದೆ, ಗುರುವಾರದ ಮಳೆ ಇನ್ನೂ ಆರಿಲ್ಲ. ಒದ್ದೆ ಸುಣ್ಣಕಲ್ಲು ಬೂದುಬಣ್ಣದ ಗಂಜಿಯಾಗುತ್ತದೆ. ಅದು ಟೈರಿನಿಂದ ಹಾರಿ ಚೈನ್ ಮೇಲೆ, ಗೇರ್ ಹಲ್ಲಿನ ನಡುವೆ, ಬ್ರೇಕ್ ಡಿಸ್ಕಿನ ಮೇಲೆ, ನೀರಿನ ಬಾಟಲಿಯ ಬಾಯಿಗೆ, ಎಲ್ಲೆಂದರಲ್ಲಿ. ಬ್ರೇಕ್ ಹಿಡಿದರೆ ಕರ್ರ್ ಅನ್ನುವ ಸದ್ದು. ಮಣ್ಣಿನ ಕೆಸರಾದರೆ ಒಣಗಿ ಉದುರುತ್ತದೆ. ಇದು ಉದುರುವುದಿಲ್ಲ, ಸಿಮೆಂಟಿನ ಹಾಗೆ ಹಿಡಿದುಕೊಳ್ಳುತ್ತದೆ, ಜೊತೆಗೆ ಮರಳುಕಾಗದದ ಕೆಲಸವನ್ನೂ ಮಾಡುತ್ತದೆ. ಇಲ್ಲಿ ವರ್ಷವಿಡೀ ತುಳಿಯುವವರು ಚೈನನ್ನೂ ಬ್ರೇಕ್ ಪ್ಯಾಡನ್ನೂ ಬೇಗ ಬೇಗ ಬದಲಿಸುವುದು ಇದಕ್ಕೇ. ವಸಂತದಲ್ಲಿ ಇನ್ನೂ ಕಷ್ಟ, ಹಿಮ ಕರಗಿ ನೆಲ ಮೇಲೆ ಮೆತ್ತಗೆ, ಕೆಳಗೆ ಇನ್ನೂ ಹೆಪ್ಪು. ಆಗ ತುಳಿದರೆ ಟೈರಿನ ಗೀರು ಬೀಳುತ್ತದೆ, ಅದು ಗಟ್ಟಿಯಾಗಿ ಬೇಸಿಗೆವರೆಗೂ ಉಳಿಯುತ್ತದೆ. ಆ ಹದಿನೈದು ದಿನ ಟ್ರೇಲ್ ಕಡೆ ಹೋಗದೆ ಇರುವುದೇ ಮರ್ಯಾದೆ.

ಫುಲ್ಲರ್ಸ್‌ಬರ್ಗ್ ವುಡ್ಸ್‌ನಲ್ಲಿ ಊಟದ ಹೊತ್ತು. ಹಳ್ಳದ ಮಗ್ಗುಲಿಗೆ ಗ್ರಾವ್ ಮಿಲ್, 1852ರ ಇಟ್ಟಿಗೆಯ ಹಿಟ್ಟಿನ ಗಿರಣಿ, ನೀರಿನ ಚಕ್ರ ಇರುವಂಥದ್ದು. ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದಿಂದ ತಪ್ಪಿಸಿಕೊಂಡು ಬಂದವರಿಗೆ ಇಲ್ಲಿ ಆಸರೆ ಕೊಡುತ್ತಿದ್ದರು ಅಂತ ಹೇಳುತ್ತಾರೆ. ಗಿರಣಿಯ ಪಕ್ಕದ ಅಣೆಕಟ್ಟು ಈಗಿಲ್ಲ, ಮೀನು ಮೇಲಕ್ಕೆ ಹೋಗಲಿ, ನೀರು ಚೆನ್ನಾಗಾಗಲಿ ಅಂತ ಕಿತ್ತು ಹಾಕಿದ್ದಾರೆ. ಅದರ ಬಗ್ಗೆ ಊರಲ್ಲಿ ದೊಡ್ಡ ಜಗಳವೇ ನಡೆಯಿತು. ಈಗ ನೀರು ಕಲ್ಲಿನ ಮೇಲೆ ಸದ್ದು ಮಾಡಿಕೊಂಡು ಹೋಗುತ್ತದೆ, ನನಗಂತೂ ಇದೇ ಚೆನ್ನ. ಮ್ಯಾಮತ್ ವಿಚಾರಿಸಲು ಹೋಗಲಿಲ್ಲ. ಕಾಲಿನ ತುಂಬ ಬೂದು ಗಂಜಿ ಮೆತ್ತಿಕೊಂಡು ಒಳಗೆ ಹೋದರೆ ನಮ್ಮನ್ನೇ ಪ್ರದರ್ಶನಕ್ಕೆ ಇಟ್ಟಾರು.

ಅಲ್ಲಿಂದ ದಕ್ಷಿಣಕ್ಕೆ ಪಾರ್ಕ್ ಇಲ್ಲ, ಟ್ರೇಲ್ ಇಲ್ಲ, ಎಂಟು ಒಂಬತ್ತು ಮೈಲಿ ಬರೀ ರಸ್ತೆ. ಹಿನ್ಸ್‌ಡೇಲ್‌ನಲ್ಲಿ ಹಳೆಯ ಇಟ್ಟಿಗೆ ಹಾಸಿದ ಕೆಲವು ಬೀದಿಗಳಿವೆ, ದಪ್ಪ ಟೈರಿಗೆ ಅದೊಂದು ಖುಷಿ, ಹಲ್ಲು ಕಟಕಟ ಅಂದರೂ. ಆಮೇಲೆ ಬಡಾವಣೆ ಮೇಲೆ ಬಡಾವಣೆ. ಡೇರಿಯನ್ ದಾಟಿ ಕಾಸ್ ಅವೆನ್ಯೂ ಬಂತು, ಮುಂದೆ 55ನೇ ಅಂತರರಾಜ್ಯ ಹೆದ್ದಾರಿ. ಇಡೀ ದಿನದಲ್ಲಿ ಕೆಟ್ಟ ಜಾಗ ಅಂದರೆ ಇದೇ. ಹೆದ್ದಾರಿಗೆ ಇಳಿಯುವ ಕಾರುಗಳು ಬಲಕ್ಕೆ ತಿರುಗುತ್ತವೆ, ನಾವು ನೇರ ಹೋಗಬೇಕು, ಅಂದರೆ ಅವು ನಮ್ಮ ಮುಂದೆ ಅಡ್ಡ ಬರಲೇಬೇಕು. ಇಳಿಯುವ ಮೊದಲೇ ಅವರ ಕಾಲು ಆಕ್ಸಿಲರೇಟರ್ ಮೇಲೆ. ಕೈ ತೋರಿಸಿ, ತಿರುಗಿ ನೋಡಿ, ಲೇನಿನ ನಡುವೆ ನಿಂತು, ಉಸಿರು ಬಿಗಿಹಿಡಿದು ದಾಟಿದೆವು. ಅರ್ಧ ಮೈಲಿ ಕೂಡ ಇಲ್ಲ ಅದು. ಎಪ್ಪತ್ತು ಮೈಲಿಯಲ್ಲಿ ಕಾಲಿಗಿಂತ ಜಾಸ್ತಿ ತಲೆ ದಣಿದದ್ದು ಆ ಅರ್ಧ ಮೈಲಿಯಲ್ಲಿ. ಯಾರಾದರೂ ಹೊಸಬರನ್ನು ಕರೆದುಕೊಂಡು ಹೋಗುವುದಾದರೆ ಇಲ್ಲಿ ಇಳಿದು ತಳ್ಳಿಕೊಂಡು ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ.

ಹೆದ್ದಾರಿ ದಾಟಿದ ಕೂಡಲೇ ವಾಟರ್‌ಫಾಲ್ ಗ್ಲೆನ್. ಒಳಗೆ ಒಂಬತ್ತೂವರೆ ಮೈಲಿಯ ಸುತ್ತು, ಪೂರ್ತಿ ಜಲ್ಲಿ. ಸುತ್ತಿನ ನಡುವೆ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ. ಆ ಪ್ರಯೋಗಾಲಯಕ್ಕೆ ಬೇಡವಾಗಿ ಉಳಿದಿದ್ದ 2,222 ಎಕರೆಯನ್ನು 1973ರಲ್ಲಿ ಪ್ರಿಸರ್ವ್ ಸಂಸ್ಥೆಗೆ ಕೊಟ್ಟರು, ಈ ಕಾಡಿನ ಹೆಚ್ಚಿನ ಭಾಗ ಅದೇ. ಪರಮಾಣು ಸಂಶೋಧನೆಗೆ ಸುತ್ತ ಖಾಲಿ ಜಾಗ ಬೇಕಿತ್ತು, ಆ ಖಾಲಿ ಜಾಗ ನಮಗೆ ಸಿಕ್ಕಿತು. ಇಲ್ಲಿ ಸಣ್ಣ ಜಲಪಾತವೊಂದು ನಿಜವಾಗಲೂ ಇದೆ, ಆದರೆ ಪಾರ್ಕಿಗೆ ಹೆಸರು ಬಂದದ್ದು ಅದರಿಂದ ಅಲ್ಲ. ಪ್ರಿಸರ್ವ್ ಸಂಸ್ಥೆಯ ಹಳೆಯ ಅಧ್ಯಕ್ಷರೊಬ್ಬರ ಮನೆತನದ ಹೆಸರೇ ವಾಟರ್‌ಫಾಲ್.

ಈ ಸುತ್ತು ಮಾತ್ರ ಬೇರೆ ಥರ. ಬೆಳಗಿನಿಂದ ಚಪ್ಪಟೆ ರೈಲುದಾರಿಯಲ್ಲಿ ಒಂದೇ ಗೇರಿನಲ್ಲಿ ಬಂದಿದ್ದೆವು. ಇಲ್ಲಿ ಡೆ ಪ್ಲೇನ್ ನದಿಯ ಕಣಿವೆಯ ಅಂಚು, ದಾರಿ ಇಳಿಯುತ್ತದೆ, ತಿರುಗುತ್ತದೆ, ತಕ್ಷಣ ಏರುತ್ತದೆ. ಇಳಿಜಾರಿನ ಬುಡದಲ್ಲಿ ಮಳೆನೀರು ಕೊಚ್ಚಿ ತಂದ ಸಡಿಲ ಜಲ್ಲಿ ಗುಡ್ಡೆಯಾಗಿರುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ಬಿಗಿ ಹಿಡಿಯಬಾರದು, ಸೀಟಿನ ಹಿಂದಕ್ಕೆ ಸರಿದು ಚಕ್ರ ತನ್ನ ಪಾಡಿಗೆ ಅಲ್ಲಾಡಲು ಬಿಡಬೇಕು. ಗೆಳೆಯ ಮೊದಲ ಇಳಿಜಾರಿನಲ್ಲಿ "ಅಯ್ಯೋ ಅಯ್ಯೋ" ಅಂದ, ಎರಡನೆಯದರಲ್ಲಿ ಸುಮ್ಮನಿದ್ದ, ಮೂರನೆಯದರಲ್ಲಿ ನನ್ನನ್ನು ದಾಟಿ ಹೋದ.

ಎದುರಿಗೆ ಇಬ್ಬರು ಕುದುರೆ ಸವಾರರು ಬಂದರು. ಕುದುರೆ ಕಂಡರೆ ಸೈಕಲ್ಲಿನವರು ನಿಲ್ಲಬೇಕು, ಜೊತೆಗೆ ಏನಾದರೂ ಮಾತಾಡಬೇಕು. ಸದ್ದಿಲ್ಲದೆ ಹೊಳೆಯುವ ಹೆಲ್ಮೆಟ್ ಹಾಕಿಕೊಂಡು ನಿಂತ ಪ್ರಾಣಿ ಕುದುರೆಗೆ ಹೆದರಿಕೆ, ಮಾತಾಡಿದರೆ ಓ ಇದು ಮನುಷ್ಯ ಅಂತ ಅದಕ್ಕೆ ಗೊತ್ತಾಗುತ್ತದೆ. ನಡೆಯುವವರನ್ನು ದಾಟುವಾಗಲೂ ಅಷ್ಟೇ, ದೂರದಿಂದಲೇ ಗಂಟೆ ಹೊಡೆದು, ಎಡಗಡೆಯಿಂದ ಬರುತ್ತಿದ್ದೇನೆ ಅಂತ ಕೂಗಿ ದಾಟುವುದು ಇಲ್ಲಿನ ರೂಢಿ.

ಸಾಮಿಲ್ ಕ್ರೀಕ್ ಹತ್ತಿರ ಹಳೆಯ ನರ್ಸರಿಯ ಗುರುತುಗಳಿವೆ. ಶಿಕಾಗೋದ ಲಿಂಕನ್ ಪಾರ್ಕ್‌ಗೆ ಗಿಡ ಬೆಳೆಸಿದ್ದು ಇಲ್ಲಿ, ಇಲ್ಲಿನ ಕಪ್ಪುಮಣ್ಣನ್ನೂ ಅಲ್ಲಿಗೆ ಸಾಗಿಸಿದರು. ಕಲ್ಲೂ ಹೋಗಿದೆ. ಈ ಕಣಿವೆಯ, ಲೆಮಾಂಟ್ ಕಡೆಯ ಗಣಿಗಳ ಸುಣ್ಣಕಲ್ಲಿನಿಂದಲೇ ಶಿಕಾಗೋದ ಹಳೆಯ ವಾಟರ್ ಟವರ್ ಕಟ್ಟಿದ್ದು, 1871ರ ದೊಡ್ಡ ಬೆಂಕಿಯಲ್ಲೂ ಅದು ಉಳಿಯಿತು. ಅದೇ ಜಾತಿಯ ಕಲ್ಲಿನ ಪುಡಿ ನನ್ನ ಸಾಕ್ಸಿನೊಳಗೂ ಇತ್ತು.

ಲೆಮಾಂಟ್ ರೋಡ್ ದಾಟಿ, ಟೋಲ್‌ವೇ ದಾಟಿ, ವುಡ್‌ರಿಡ್ಜ್‌ನ ಒಳರಸ್ತೆಗಳಲ್ಲಿ ಗ್ರೀನ್ ವ್ಯಾಲಿಗೆ. ಈ ಹೊತ್ತಿಗೆ ಮಾತು ಕಮ್ಮಿಯಾಗಿತ್ತು. ಇಲ್ಲೂ ಒಂದು ಗುಡ್ಡ, ಸುತ್ತಲ ನೆಲಕ್ಕಿಂತ ಸುಮಾರು 190 ಅಡಿ ಎತ್ತರ, ಇದೂ ಕಸವೇ. ಒಳಗಿನ ಕಸದಿಂದ ಇನ್ನೂ ಗ್ಯಾಸ್ ಬರುತ್ತದೆ, ಅದನ್ನು ಕೊಳವೆಗಳಲ್ಲಿ ಹಿಡಿಯುತ್ತಾರೆ. ಮೇಲಿನ ನೋಟದ ಜಾಗ ತೆರೆಯುವುದು ಬೆಚ್ಚಗಿನ ತಿಂಗಳುಗಳ ವಾರಾಂತ್ಯಗಳಲ್ಲಿ ಮಾತ್ರ. ಕಾಲು ನಡುಗುತ್ತಿದ್ದರೂ ಹತ್ತಿದೆವು. ಪೂರ್ವಕ್ಕೆ ನೋಡಿದರೆ ಮರಗಳ ಗೆರೆ, ಆ ಗೆರೆಯ ಆಚೆ ಬೂದು ಬಣ್ಣದಲ್ಲಿ ಶಿಕಾಗೋದ ಗೋಪುರಗಳು, ಕಿರುಬೆರಳ ಉಗುರಿನಷ್ಟು. ಕೆಳಗೆ ನಾವು ಬಂದ ಊರುಗಳೆಲ್ಲ ಇಲ್ಲಿಂದ ಕಾಡಿನ ಹಾಗೇ ಕಾಣುತ್ತವೆ, ಮನೆ ಒಂದೂ ಕಾಣುವುದಿಲ್ಲ.

"ಬೆಳಗ್ಗೆ ಕಸ, ಸಂಜೆಗೂ ಕಸ," ಅಂದ ಗೆಳೆಯ. "ಈ ಊರಲ್ಲಿ ಗೇರ್ ಯಾಕೆ ಬೇಕು ಅಂತ ಈಗ ಗೊತ್ತಾಯಿತು ನೋಡು."

ಉಳಿದದ್ದು ಬೇಗ ಹೇಳುತ್ತೇನೆ, ಬೇಗ ಆಗಲಿಲ್ಲ ಆದರೂ. ನೇಪರ್‌ವಿಲ್ ಅಂಚಿನಲ್ಲಿ ಎದುರುಗಾಳಿ. ಡನಾಡಾದಲ್ಲಿ ಕುದುರೆ ಲಾಯ. 1965ರ ಕೆಂಟಕಿ ಡರ್ಬಿ ಕುದುರೆ ರೇಸ್ ಗೆದ್ದ ಲಕ್ಕಿ ಡೆಬೊನೇರ್ ಈ ಜಾಗದ ಹಳೆಯ ಒಡೆಯರ ಕುದುರೆ. ಹುಲ್ಲುಗಾವಲು ತಲೆಗಿಂತ ಎತ್ತರ ಬೆಳೆದು ತಾಮ್ರದ ಬಣ್ಣಕ್ಕೆ ತಿರುಗಿತ್ತು, ಅದರ ನಡುವೆ ಹೆರಿಕ್ ಲೇಕ್‌ವರೆಗೆ ಒಳ್ಳೆಯ ಗಟ್ಟಿ ಜಲ್ಲಿ. ದಿನದಲ್ಲೇ ಚೆಂದದ ಎರಡು ಮೈಲಿ ಅದು, ಆದರೆ ನಾನು ನೋಡುತ್ತಿದ್ದದ್ದು ಗಡಿಯಾರ. ಕತ್ತಲಾಗುವ ಮುಂಚೆ ಪ್ರಿಸರ್ವ್‌ನಿಂದ ಹೊರಬಿದ್ದು, ದೀಪ ಹಾಕಿಕೊಂಡು, ಪ್ರೇರಿ ಪಾತ್ ಹಿಡಿದು ವೀಟನ್ ತಲುಪಿದೆವು.

ಭಾನುವಾರ

ಕಾಲು ಪರವಾಗಿಲ್ಲ. ಅಂಗೈ ಮಾತ್ರ ಜುಮ್ಮೆನ್ನುತ್ತಿತ್ತು, ಜಲ್ಲಿಯ ನಡುಕ ದಿನವಿಡೀ ಹ್ಯಾಂಡಲ್‌ನಿಂದ ಅಲ್ಲಿಗೇ ಬರುವುದು.

ಬೆಳಗ್ಗೆ ಸೈಕಲ್ ತೊಳೆಯುವ ಕೆಲಸ. ಪೈಪಿನ ನೀರನ್ನು ಜೋರಾಗಿ ಬಿಟ್ಟರೆ ಪುಡಿ ಬೇರಿಂಗಿನೊಳಗೆ ಹೋಗುತ್ತದೆ. ಅದಕ್ಕೆ ಬಕೆಟ್ ನೀರು, ಸೋಪು, ಬ್ರಷ್. ಚೈನ್ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಎಣ್ಣೆ ಕಮ್ಮಿ ಹಾಕಿ, ಮೇಲಿನದನ್ನು ಒರೆಸಿಬಿಡಿ. ಜಾಸ್ತಿಯಾದರೆ ಪುಡಿ ಅಂಟಿಕೊಂಡು ಮತ್ತೆ ಮರಳುಕಾಗದ ಶುರು. ಮುಳ್ಳು ಚುಚ್ಚಿದ ಟೈರಿನಲ್ಲಿ ಒಂದು ಬಿಳಿ ಚುಕ್ಕೆ, ಗಾಳಿ ಹಾಗೇ ಇತ್ತು. ಸೀಲೆಂಟ್ ಸ್ವಲ್ಪ ಸೇರಿಸಿದೆ.

ಸಂಜೆ ಗೆಳೆಯನ ಫೋನ್ ಬಂತು, ದಾರಿಯನ್ನು ಇನ್ನೊಬ್ಬರಿಗೆ ಕಳಿಸಬೇಕಂತೆ. ಹಾಗೇ ಕಳಿಸಬೇಡ ಅಂದೆ. ಇದೇ ಸುತ್ತನ್ನು ಉಲ್ಟಾ ತಿರುಗಿಸುವುದು ವಾಸಿ. ಬೆಳಗ್ಗೆ ಡನಾಡಾದ ಹುಲ್ಲುಗಾವಲನ್ನು ಆರಾಮಾಗಿ ನೋಡಬಹುದು, ಗ್ರೀನ್ ವ್ಯಾಲಿ ಗುಡ್ಡವೂ ವಾಟರ್‌ಫಾಲ್ ಗ್ಲೆನ್ ಏರುಗಳೂ ಕಾಲಿಗೆ ಶಕ್ತಿ ಇರುವಾಗಲೇ ಮುಗಿಯುತ್ತವೆ. ಗುಡ್ಡದ ಮೇಲಿನ ಗೇಟು ತೆರೆಯುವ ಹೊತ್ತು ನೋಡಿಕೊಂಡು ಹೊರಡಬೇಕು ಅಷ್ಟೇ. ಕಾಸ್ ಅವೆನ್ಯೂ ಸೇತುವೆ ಬೆಳಗಿನ ಖಾಲಿ ರಸ್ತೆಯಲ್ಲಿ ಸಿಗುತ್ತದೆ. ದಣಿದ ಮೇಲೆ ಬರುವುದು ಗ್ರೇಟ್ ವೆಸ್ಟರ್ನ್, ತಲೆ ಓಡಿಸಬೇಕಾಗಿಲ್ಲದ ನೇರ ದಾರಿ, ಸಂಜೆಗೆ ಹೇಳಿ ಮಾಡಿಸಿದ್ದು. ಇಲ್ಲಿ ಪಶ್ಚಿಮದ ಗಾಳಿಯೇ ಜಾಸ್ತಿ, ಆಗ ಆ ತುಂಡಿನಲ್ಲಿ ಎದುರುಗಾಳಿ ತಿನ್ನಬೇಕಾಗುತ್ತದೆ. ಅದಕ್ಕೆ ಗಾಳಿ ಪೂರ್ವದಿಂದ ಬೀಸುವ ಶನಿವಾರ ನೋಡಿ ಹೊರಡಲಿ ಅಂದೆ.